ಬೆಲೆ ಬಿಡಿ, ಲಾಕು ನೋಡಿ

ಟಿಪ್ಪುವಿನ ಬಂದೂಕು ಹರಾಜಾಯಿತೆಂಬ ಸುದ್ದಿ ಬಂದಾಗಲೆಲ್ಲ ಕುಂದಾಪುರದ ಹೋಟೆಲುಗಳಲ್ಲಿ ಕೇಳಿಬರುವುದು ಒಂದೇ ಮಾತು: 'ಎಷ್ಟಕ್ಕೆ ಹೋಯ್ತಂಬ್ರ್?' 2015ರ ಏಪ್ರಿಲ್‌ನಲ್ಲಿ ಲಂಡನ್ನಿನ ಬೋನ್‌ಹ್ಯಾಮ್ಸ್‌ನವರು ಟಿಪ್ಪು ಕಾಲದ 30 ವಸ್ತುಗಳನ್ನು ಮಾರಿ 60 ಲಕ್ಷ ಪೌಂಡ್ ದಾಟಿಸಿದರು. 2019ರಲ್ಲಿ ಇಂಗ್ಲೆಂಡಿನ ಒಂದು ಮನೆಯಲ್ಲಿ ಬಿದ್ದುಕೊಂಡಿದ್ದ, ಬೆಳ್ಳಿ ಕೆಲಸದ ಚಕಮಕಿ ಬಂದೂಕು 60 ಸಾವಿರ ಪೌಂಡಿಗೆ ಹೋಯಿತು. ಈ ಅಂಕಿಗಳು ಎಲ್ಲರಿಗೂ ಬಾಯಿಪಾಠ. ಕುದುರೆಗೆ, ಅಂದರೆ ಚಕಮಕಿ ಕಲ್ಲು ಕಚ್ಚಿ ಬಡಿಯುವ ಭಾಗಕ್ಕೆ, ಹುಲಿಯ ತಲೆ ಇತ್ತೇ, ನಳಿಗೆಯ ಮೇಲಿನ ಇಸವಿಯನ್ನು ಟಿಪ್ಪುವಿನ ಮೌಲೂದಿ ಪಂಚಾಂಗದ ಲೆಕ್ಕದಲ್ಲಿ ಬಲದಿಂದ ಎಡಕ್ಕೆ ಓದಬೇಕೇ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಚಿನ್ನದಂಗಡಿಗೆ ಹೋದವರ ಹಾಗೆ ತೂಕ, ರೇಟು ಮುಗಿದರೆ ಮಾತೂ ಮುಗಿಯಿತು.

ಇದನ್ನು ಬರೆಯುತ್ತಿರುವುದು, ರಾತ್ರಿ ಊಟವಾದ ಮೇಲೆ ಫೋನಿನಲ್ಲಿ ಹರಾಜಿನ ಪುಟ ತೆರೆದು ಕೂರುವ ಹೊಸಬರಿಗೆ. ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಅಮೆರಿಕದಲ್ಲಿ 1898ರವರೆಗೆ ತಯಾರಾದ ಕೋವಿಯೂ, ತೋಟೆ ಹಾಕಲು ಬಾರದ, ನಳಿಗೆಯ ಬಾಯಿಯಿಂದ ಕರಿಮದ್ದು ತುಂಬುವ ಹೊಸ ಪ್ರತಿಕೃತಿಯೂ 1968ರ ಕೇಂದ್ರ ಕಾನೂನಿನ ಮಟ್ಟಿಗೆ ಬಂದೂಕೇ ಅಲ್ಲ. ಹಾಗಾಗಿ ಡಲ್ಲಾಸಿನಲ್ಲಿರುವ ನಮ್ಮೂರ ಹುಡುಗ ಬಿಡ್ ಒತ್ತಿದರೆ ಪಾರ್ಸೆಲ್ ಮನೆಬಾಗಿಲಿಗೇ ಬರುತ್ತದೆ. ಊರಿನಲ್ಲಿ ಆ ಆಟ ನಡೆಯುವುದಿಲ್ಲ. ನಮ್ಮ 1959ರ ಕಾಯ್ದೆ ಸುಮ್ಮನೆ ಬಿಡುವುದು, ರಿಪೇರಿ ಮಾಡಿದರೂ ಹಾರದಂಥ ಹಳೆಯ ಮಾದರಿಯನ್ನು ಮಾತ್ರ. ತೋಟಕ್ಕೆ ಬರುವ ಹಂದಿಯನ್ನು ಹೆದರಿಸಲು ಇಟ್ಟುಕೊಂಡ ಕೇಪಿನ ಕೋವಿಗೂ ಲೈಸೆನ್ಸ್ ಬೇಕು, ಚುನಾವಣೆ ಬಂತೆಂದರೆ ಅದನ್ನು ಠಾಣೆಗೆ ಒಪ್ಪಿಸಿ ಬರಬೇಕು. ಆದ್ದರಿಂದ ನಾನು ಕೊಳ್ಳುವವನಲ್ಲ, ನೋಡುವವನು. ನೋಡುವುದಕ್ಕೆ ಲೈಸೆನ್ಸ್ ಕೇಳುವ ಕಾಯ್ದೆ ಇನ್ನೂ ಬಂದಿಲ್ಲ.

ನನ್ನ ಕಣ್ಣು ತೆರೆಸಿದವರು ಬೈಂದೂರು ಕಡೆಯ ಒಬ್ಬ ಆಚಾರ್ರು. ಲೈಸೆನ್ಸಿನ ಕೋವಿಗಳ ನಾಡಿ ಬಲ್ಲವರೆಂದು ಸುತ್ತಲ ಊರುಗಳಲ್ಲಿ ಹೆಸರಿತ್ತು. ನಾನು ನಳಿಗೆಯ ಉದ್ದ, ಬಾಯಿಯ ಅಗಲ ಎಂದೆಲ್ಲ ಹೊಗಳುತ್ತಿದ್ದೆ. ಅವರು ಎಲೆಯಡಿಕೆ ಉಗಿದು ಬಂದು, 'ಬಾಯಿ ಎಂತಕ್ಕೆ ಕಾಂತ್ರಿ ಮಾರಾಯ್ರೆ, ಕೆಮಿ ಕೊಟ್ಟ್ ಕೇಣಿ' ಎಂದು ಕುದುರೆಯನ್ನು ಹೆಬ್ಬೆರಳಿನಿಂದ ನಿಧಾನಕ್ಕೆ ಹಿಂದೆ ಎಳೆದರು. ಟಕ್. ಸ್ವಲ್ಪ ತಡೆದು ಇನ್ನೊಂದು ಟಕ್. ಮೊದಲನೆಯದು ಅರ್ಧ ಏರಿಕೆ, ಅಲ್ಲಿ ಟ್ರಿಗರ್ ಒತ್ತಿದರೂ ಕುದುರೆ ಬೀಳಬಾರದು. ಎರಡನೆಯದು ಪೂರ್ತಿ ಏರಿಕೆ. ಆ ಎರಡು ಸದ್ದಿನ ನಡುವೆ ಮರಳು ಅರೆದಂಥ ಕಿರಿಕಿರಿ ಇದ್ದರೆ ಒಳಗಿನ ಹಲ್ಲು ಸವೆದಿದೆ ಎಂದೇ ಅರ್ಥ. ಅಂದಿನಿಂದ ನನಗೆ ಕೋವಿ ಎಂದರೆ ಲಾಕು, ಮದ್ದಿಗೆ ಕಿಡಿ ಹೊತ್ತಿಸುವ ಆ ಯಂತ್ರ. ಮಿಕ್ಕಿದ್ದೆಲ್ಲ ಅದನ್ನು ಹೊರುವ ಮರ ಮತ್ತು ಕೊಳವೆ.

ಹರಾಜಿನ ಪುಟದಲ್ಲಿ ಇಪ್ಪತ್ತು ಫೋಟೊ ಹಾಕಿದ್ದರೆ ಹದಿನೈದು ಬೆಳ್ಳಿ ಹೂವಿನ ಕೆತ್ತನೆಯವೇ ಆಗಿರುತ್ತವೆ. ಅವನ್ನು ಸರಿಸಿ, ಲಾಕಿನ ತಟ್ಟೆ ಮರದೊಳಗೆ ಹೇಗೆ ಕೂತಿದೆ ನೋಡಿ. ಒಳ್ಳೆಯ ಕೈಕೆಲಸದಲ್ಲಿ ಕಬ್ಬಿಣಕ್ಕೂ ಮರಕ್ಕೂ ನಡುವೆ ಕೂದಲೆಳೆ ತೂರುವುದಿಲ್ಲ. ಆಮೇಲೆ ಕುದುರೆಯ ದವಡೆ. ಚಕಮಕಿ ಕಲ್ಲನ್ನು ಚರ್ಮದ ತುಂಡು ಸುತ್ತಿ ಬಿಗಿದಿದ್ದಾರೋ, ಬರಿಗಲ್ಲನ್ನೇ ತುರುಕಿದ್ದಾರೋ? ಬರಿಗಲ್ಲು ಕಂಡರೆ ಮಾರುವವನು ಗೋಡೆಗೆ ತೂಗುಹಾಕುವ ಗಿರಾಕಿಯನ್ನು ಹುಡುಕುತ್ತಿದ್ದಾನೆಂದು ತಿಳಿಯಿರಿ. ಕಲ್ಲಿನೆದುರು ಎದ್ದು ನಿಂತ ಉಕ್ಕಿನ ಪಟ್ಟಿಯ ಮುಖದಲ್ಲಿ ಗೀರುಗಳು ಮೇಲಿನಿಂದ ಕೆಳಕ್ಕೆ, ಒಂದರ ಪಕ್ಕ ಒಂದು ಇಳಿದಿರಬೇಕು. ಕಲ್ಲು ಮೇಲ್ಭಾಗಕ್ಕೆ ತಾಗಿ, ಕೆರೆಯುತ್ತ ಇಳಿದು, ಪಟ್ಟಿಯನ್ನು ಮುಂದಕ್ಕೆ ತಳ್ಳಿ, ಕಿಡಿಗಳನ್ನು ಕೆಳಗಿನ ಬಟ್ಟಲಿಗೆ ಉದುರಿಸಿದ ಗುರುತು ಅದು. ನಡುವೆ ಒಂದೇ ಕಡೆ ಗುಳಿ ಬಿದ್ದಿದ್ದರೆ ಕಲ್ಲು ಕೆರೆದಿಲ್ಲ, ಗುದ್ದಿದೆ. ಉಕ್ಕು ಹದವಾಗಿಲ್ಲದಿದ್ದರೆ ಗೀರೇನೋ ಬೀಳುತ್ತದೆ, ಕಿಡಿ ಏಳುವುದಿಲ್ಲ. ಒಳಗಿನ ದೊಡ್ಡ ಸ್ಪ್ರಿಂಗಿಗೂ ಹೊರಗಿನ ಸಣ್ಣ ಸ್ಪ್ರಿಂಗಿಗೂ ಹೊಂದಾಣಿಕೆ ತಪ್ಪಿದರೂ ಅಷ್ಟೆ. ಸಣ್ಣದು ಬಿಗಿಯಾದರೆ ಪಟ್ಟಿ ತೆರೆಯಲು ತಡವಾಗಿ ಕಲ್ಲು ಮುಕ್ಕಾಗುತ್ತದೆ. ಮಾರುವವನು ವಿಡಿಯೊ ಹಾಕಿದ್ದರೆ ಚಿತ್ರ ಬಿಟ್ಟು ಕಣ್ಣು ಮುಚ್ಚಿ ಕೇಳಿ. ಚೆನ್ನಾಗಿ ಹದಗೊಂಡ ಚಕಮಕಿ ಕೋವಿಯಲ್ಲಿ ಬಟ್ಟಲಿನ ಮದ್ದು ಉರಿಯುವ ಸದ್ದೂ ನಳಿಗೆಯ ಸದ್ದೂ ಬೇರೆ ಬೇರೆ ಕೇಳಬಾರದು, ಒಂದೇ ಉಸಿರಿನಲ್ಲಿ ಹೊರಡಬೇಕು. 'ಚಿಸ್' ಎಂದು, ನೀವು ಕಣ್ಣು ಮಿಟುಕಿಸಿದ ಮೇಲೆ 'ಢಂ' ಎಂದರೆ ಲಾಕಿಗೆ ಮೈ ಸರಿಯಿಲ್ಲ. ಅಮೆರಿಕದಲ್ಲಿರುವ ನನ್ನ ಅಳಿಯ ಕಳಿಸಿದ ವಿಡಿಯೊ ಒಂದಿದೆ, ಹುಲ್ಲುಗಾವಲಿನಲ್ಲಿ ಒಬ್ಬ ಮುದುಕರು ಹಾರಿಸಿದ್ದು. ಕಿಡಿ ಯಾವಾಗ ಬಿತ್ತು ಎಂಬುದೇ ತಿಳಿಯುವುದಿಲ್ಲ. ಮನೆಯವರಿಗೆ ಅದು ಜಾತ್ರೆಯ ಕದಿನದ ಸದ್ದಷ್ಟೇ, ನಾನಂತೂ ಇಂದಿಗೂ ಹಾಕಿ ಕೇಳುತ್ತೇನೆ.

'ಅದು ರೆಪ್ಲಿಕಾ ಅಲ್ವಾ' ಎಂದು ಮೂಗು ಮುರಿಯುವವರ ಪಂಗಡವೊಂದಿದೆ. ಬಡಗುತಿಟ್ಟಿನ ಯಕ್ಷಗಾನದ ಆಟಕ್ಕೆ ಕೂತವರು ಈ ರಾತ್ರಿಯ ಕರ್ಣನನ್ನು ನಕಲಿ ಎಂದು ಎದ್ದು ಹೋಗುತ್ತಾರೆಯೇ? ಹೆಜ್ಜೆ, ಮಾತು ಸರಿಯಿದೆಯೇ ಎಂದು ತಾನೆ ನೋಡುವುದು. ಇಟಲಿಯ ಬ್ರೆಶಿಯಾ ಬಳಿಯ ಗಾರ್ಡೋನೆ ಕಣಿವೆಯಲ್ಲಿ 1950ರ ದಶಕದ ಕೊನೆಗೆ ಆಲ್ಡೊ ಊಬರ್ಟಿ ಮತ್ತು ಗ್ರೆಗೊರೆಲ್ಲಿ, ಅಮೆರಿಕದ ವ್ಯಾಲ್ ಫೋರ್ಗೆಟ್ ಎಂಬ ವ್ಯಾಪಾರಿಯ ಬೇಡಿಕೆಗೆ 1851ರ ಕೋಲ್ಟ್ ನೇವಿ ರಿವಾಲ್ವರನ್ನು ಮತ್ತೆ ಮಾಡಿದರು. ಅಮೆರಿಕದ ಅಂತರ್ಯುದ್ಧದ ಶತಮಾನೋತ್ಸವ ಹತ್ತಿರ ಬರುತ್ತಿದ್ದ ಕಾಲ, ಗಿರಾಕಿಗಳಿಗೆ ಬರವಿರಲಿಲ್ಲ. ಇಂದು ಪೆಡರ್ಸೋಲಿ ಎಂಬ ಇಟಲಿಯ ಕಾರ್ಖಾನೆಯ ಕೆಲಸ ಕಂಡರೆ ಹಲವು ಅಸಲುಗಳೇ ನಾಚಬೇಕು. ಇಟಲಿಯ ಪ್ರತಿಕೃತಿಗೆ ಅಲ್ಲಿನ ಪರೀಕ್ಷಾ ಮನೆಯ ಮುದ್ರೆ ಇರುತ್ತದೆ, ಕರಿಮದ್ದಿಗೆ 'ಪಿಎನ್' ಅಕ್ಷರ, ಜೊತೆಗೆ ವರ್ಷದ ಗುರುತು. 'ಎಎ' ಎಂದರೆ 1975, 'ಎಬಿ' ಎಂದರೆ 1976. ಅದನ್ನು ಅರದಿಂದ ಉಜ್ಜಿ ಅಳಿಸಿ 'ಅಜ್ಜನ ಕಾಲದ್ದು' ಎಂದು ಮಾರುವವರಿದ್ದಾರೆ. ಮುದ್ರೆ ಇರಬೇಕಾದ ಜಾಗ ಮಾತ್ರ ಸುತ್ತಲಿಗಿಂತ ತಗ್ಗಾಗಿ ಹೊಳೆಯುತ್ತಿದ್ದರೆ ಪುಟ ಮುಚ್ಚಿ. ನಮ್ಮ ದೇಶದಲ್ಲೇ ತಯಾರಾಗಿ ಹಡಗು ಹತ್ತುವ, ಬ್ರೌನ್ ಬೆಸ್ ಎಂಬ ಹಳೆಯ ಬ್ರಿಟಿಷ್ ಸೈನ್ಯದ ಬಂದೂಕಿನ ಮಾದರಿಗಳೂ ಇವೆ. ವಾಲ್‌ನಟ್ ಇರಬೇಕಾದಲ್ಲಿ ಸಾಗುವಾನಿ ಅಥವಾ ಶೀಷಂ ಮರ, ಬಟ್ಟಲಿನ ಪಕ್ಕದ ಕಿಡಿತೂತನ್ನು ಕೊರೆಯದೆ ಹಾಗೇ ಬಿಟ್ಟಿರುತ್ತಾರೆ. ಮಾಡಿದವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಹೇಳಿಯೇ ಮಾರುತ್ತಾರೆ.

ಸಿಟ್ಟು ಬರುವುದು ಸುಳ್ಳು ಹಳತಿನ ಮೇಲೆ. ಈಸ್ಟ್ ಇಂಡಿಯಾ ಕಂಪೆನಿಯ ಲಾಕುಗಳಿಗೆ 1808ರಿಂದ ನಿಂತ ಸಿಂಹದ ಮುದ್ರೆ ಬಂತು. ಪಾಕಿಸ್ತಾನದ ವಾಯವ್ಯ ಗಡಿಯ ಬಜಾರುಗಳ ನಕಲಿಯಲ್ಲಿ ಆ ಸಿಂಹ ಬೆಕ್ಕಿನ ಹಾಗಿರುತ್ತದೆ, ಇಂಗ್ಲಿಷಿನ 'ಎನ್' ತಿರುವುಮುರುವಾಗಿರುತ್ತದೆ. ಹೋಮ್‌ಸ್ಟೇಗಳ ಗೋಡೆಯಲ್ಲಿ ಅಡ್ಡಡ್ಡ ಕಟ್ಟಿ, ಕೆಳಗೆ ಹಿತ್ತಾಳೆ ದೀಪ ಇಟ್ಟು, ಬಂದವರಿಗೆ ಸೆಲ್ಫಿ ತೆಗೆಸುವುದು ಇಂಥವನ್ನೇ. ನಿಜವಾದ ಕಂಪೆನಿ ಬಂದೂಕು ಬೇಕೆಂಬವರು 2003ರಲ್ಲಿ ಕಠ್ಮಂಡುವಿನ ಹಳೆಯ ಶಸ್ತ್ರಾಗಾರದಿಂದ ಅಮೆರಿಕದ ವ್ಯಾಪಾರಿಗಳು ಕೊಂಡೊಯ್ದ ರಾಶಿಯ ಜಾಡು ಹಿಡಿಯಲಿ. ಕೊಳೆ ಹಿಡಿದಿರುತ್ತವೆ, ಮರಕ್ಕೆ ಹುಳ ಬಿದ್ದಿರುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ.

ಇಷ್ಟಕ್ಕೂ ಈ ರುಚಿ ನಮಗೆ ಪರದೇಶದ್ದೇನಲ್ಲ. 1783ರಲ್ಲಿ ಬ್ರಿಟಿಷ್ ಜನರಲ್ ಮ್ಯಾಥ್ಯೂಸನ ಸೈನ್ಯ ಚಕಮಕಿ ಬಂದೂಕು ಹೊತ್ತು ಹೊಸಂಗಡಿ ಘಾಟಿ ಹತ್ತಿದ್ದು ನಮ್ಮ ಕುಂದಾಪುರದ ಕಡೆಯಿಂದಲೇ. ಘಾಟಿಯ ಮೇಲಿನ ಬಿದನೂರಿನಲ್ಲಿ, ಅಂದರೆ ಇಂದಿನ ನಗರದಲ್ಲಿ, ಟಿಪ್ಪುವಿನ ತಾರಾಮಂಡಲ, ಅಂದರೆ ಮದ್ದುಗುಂಡಿನ ಕಾರ್ಖಾನೆ, ಒಂದಿತ್ತು. 2018ರ ಜುಲೈನಲ್ಲಿ ಅಲ್ಲಿನ ಪಾಳು ಬಾವಿ ಅಗೆದಾಗ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಕೆಸರಿಗೇ ಮದ್ದಿನ ವಾಸನೆ ಇತ್ತಂತೆ. ಕೊಲ್ಲೂರಿಗೆ ಹೋದವರು ಇನ್ನೊಂದು ದಿನ ಮಾಡಿಕೊಂಡು ಶಿವಮೊಗ್ಗದ ಶಿವಪ್ಪನಾಯಕ ಅರಮನೆಗೆ ಹೋಗಿ ಅವನ್ನು ನೋಡಿ ಬರಬಹುದು. ಆದರೆ ರಾಕೆಟ್ಟಿಗೆ ಲಾಕಿಲ್ಲ, ಹಾಗಾಗಿ ಅದರ ಬಗ್ಗೆ ನನ್ನನ್ನು ಕೇಳಬೇಡಿ.

ಕೇಪಿನ ಕೋವಿಯ ಬಗ್ಗೆ ಹೇಳುವುದು ಕಡಿಮೆ. 1807ರಲ್ಲಿ ಸ್ಕಾಟ್ಲೆಂಡಿನ ಪಾದ್ರಿ ಫೋರ್ಸಿತ್ ಬಡಿದರೆ ಉರಿಯುವ ಮದ್ದಿಗೆ ಪೇಟೆಂಟ್ ಪಡೆದ ಮೇಲೆ ನಿಧಾನಕ್ಕೆ ಕಲ್ಲು, ಕಿಡಿ, ಬಟ್ಟಲು ಎಲ್ಲ ಹೋದವು. ಮಳೆಗಾಲಕ್ಕೆ ಅನುಕೂಲ, ಒಪ್ಪಿದೆ. ರಸ ಇಲ್ಲ.

ಹರಾಜಿಗೆ ಇಳಿಯುವ ಹೊರದೇಶದ ಹುಡುಗರಿಗೆ: ಕೂಗಿದ ಬೆಲೆಯ ಮೇಲೆ ಹರಾಜು ಮನೆಯ ಕಮಿಷನ್ ಬೇರೆ ಬೀಳುತ್ತದೆ, ಕಾಲು ಭಾಗ ಎಂದೇ ಲೆಕ್ಕ ಹಾಕಿ. ಲಾಕನ್ನು ಬಿಚ್ಚಿ ಒಳಮೈ ಫೋಟೊ ಕಳಿಸಲು ಕೇಳಿ. ಕಳಿಸದವರಿಂದ ಕೊಳ್ಳಬೇಡಿ. ಹಾರಿಸಿದ ದಿನವೇ ಬಿಸಿನೀರಿನಲ್ಲಿ ನಳಿಗೆ ತೊಳೆಯಿರಿ, ಕರಿಮದ್ದಿನ ಮಸಿ ರಾತ್ರಿಯಲ್ಲೇ ನೀರು ಹೀರಿ ಕಬ್ಬಿಣ ತಿನ್ನುತ್ತದೆ. ಊರಿಗೆ ಬರುವಾಗ ಸೂಟ್‌ಕೇಸಿನಲ್ಲಿ ಕೋವಿ ತರುವ ಯೋಚನೆ ಬಿಟ್ಟು, ಲಾಕಿನ ವಿಡಿಯೊ ತನ್ನಿ. ಸದ್ದು ಸರಿಯಾಗಿ ಕೇಳುವಂತಿರಲಿ, ಹಿಂದಿನಿಂದ ಹಾಡು ಹಾಕಬೇಡಿ.