ಕಬ್ಬಿನ ಪ್ಲಾಸ್ಟಿಕ್ಕಿಗೆ ಹದ ಯಾವುದು?

ಕಬ್ಬಿನಿಂದ ಪ್ಲಾಸ್ಟಿಕ್ ಮಾಡುವ ಮಾತಿಗೆ ಈಗ ಒಳ್ಳೆಯ ಕಾಲ. ಬಲರಾಂಪುರ ಚೀನಿ ಮಿಲ್ಸ್ 2024ರಲ್ಲಿ ಉತ್ತರ ಪ್ರದೇಶದ ಕುಂಭಿಯಲ್ಲಿ ಪಾಲಿಲ್ಯಾಕ್ಟಿಕ್ ಆಸಿಡ್ ಕಾರ್ಖಾನೆ ಕಟ್ಟುವುದಾಗಿ ಸಾರಿತು. ಅದೇ ವರ್ಷ ಪ್ರಾಜ್ ಕಂಪನಿ ಪುಣೆ ಹತ್ತಿರದ ಜೇಜುರಿಯಲ್ಲಿ ಪ್ರಾತ್ಯಕ್ಷಿಕೆಯ ಘಟಕ ತೆರೆಯಿತು. ಸಕ್ಕರೆಯನ್ನು ಹುದುಗಿಸಿ ಲ್ಯಾಕ್ಟಿಕ್ ಆಮ್ಲ ಮಾಡಿ, ಅದನ್ನು ಸರಪಳಿಯಾಗಿ ಹೆಣೆದರೆ ಸಿಗುವ ಈ ಪಾಲಿಯೆಸ್ಟರಿಗೆ ಚಿಕ್ಕ ಹೆಸರು ಪಿಎಲ್‌ಎ. ಕೊಲ್ಹಾಪುರ, ಗಡಹಿಂಗ್ಲಜ, ಸಂಕೇಶ್ವರದ ಕಬ್ಬಿನ ಸೀಮೆಯವರು ಇಂಥ ಸುದ್ದಿಗೆ ಕಿವಿಗೊಡುವುದು ಸಹಜ. ನನ್ನ ತಕರಾರು ಆ ಸುದ್ದಿಯ ಮೇಲಲ್ಲ, ಹೊಗಳುವ ರೀತಿಯ ಮೇಲೆ. ‘ಗಿಡದಿಂದ ಬಂದದ್ದು, ಮಣ್ಣಿಗೆ ಸೇರುವುದು’ ಎಂದು ಅದರ ಹುಟ್ಟು ಸಾವು ಎರಡನ್ನೂ ಹೇಳುತ್ತಾರೆ. ನಡುವಿನ ಬಾಳನ್ನು ನಿರ್ಧರಿಸುವ ಶಾಖದ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ.

ಕೊಲ್ಹಾಪುರದ ಬೆಲ್ಲದವರಿಗೆ ಈ ಪಾಠ ಹೊಸದಲ್ಲ. ಶಾಹು ಮಹಾರಾಜರು 1895ರಲ್ಲಿ ಬೆಲ್ಲದ ವ್ಯಾಪಾರಕ್ಕೆಂದೇ ಶಾಹುಪುರಿ ಪೇಟೆ ಕಟ್ಟಿಸಿದ ಊರು ಅದು. ಗುರ್ಹಾಳದ, ಅಂದರೆ ಆಲೆಮನೆಯ, ಕೊಪ್ಪರಿಗೆಯಲ್ಲಿ ರಸವನ್ನು 105 ಡಿಗ್ರಿ ಸುಮಾರಿಗೆ ಇಳಿಸಿದರೆ ಕಾಕವಿ ಎಂಬ ನೀರುಬೆಲ್ಲ, 118ರ ಹತ್ತಿರ ಇಳಿಸಿದರೆ ಗಟ್ಟಿ ಬೆಲ್ಲ. ಪಾಕ ನೋಡುವ ಗುಳವ್ಯಾ ಒಂದಿಷ್ಟು ಪಾಕವನ್ನು ತಣ್ಣೀರಿಗೆ ಬಿಟ್ಟು, ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಾನೆ. ಕಬ್ಬು ಅದೇ, ರಸ ಅದೇ. ಇಳಿಸಿದ ಗಳಿಗೆ ಬೇರೆಯಾದರೆ ಮಾಲೂ ಬೇರೆ, ರೇಟೂ ಬೇರೆ. ಪಿಎಲ್‌ಎ ಮಾರುವವರು ಈ ಒಂದು ವಿಷಯದಲ್ಲಿ ಗುಳವ್ಯಾನಿಂದ ಕಲಿಯಬೇಕು.

ಪಿಎಲ್‌ಎಯ ಉದ್ದನೆಯ ಅಣುಸರಪಳಿಗಳು ಸುಮಾರು 60 ಡಿಗ್ರಿಯ ಕೆಳಗೆ ಬಿಗಿದುಕೊಂಡಿರುತ್ತವೆ, ಅಲುಗಾಡಲಾರವು. 170ರ ಆಸುಪಾಸಿನಲ್ಲಿ ಹರಳುಗಳೆಲ್ಲ ಕರಗಿಹೋಗುತ್ತವೆ. ಸರಪಳಿಗಳು ಸಾಲಾಗಿ ಕೂತು ಹರಳಾಗಲು ಈ ಎರಡರ ನಡುವೆಯೇ ಜಾಗ. 100ರಿಂದ 120ರವರೆಗೆ ಆ ಕೆಲಸ ಎಲ್ಲಕ್ಕಿಂತ ಚುರುಕು. ಚುರುಕು ಎಂದರೂ ಅದು ನಿಮಿಷಗಳ ಲೆಕ್ಕ, ಮೋಲ್ಡಿಂಗ್ ಯಂತ್ರದ್ದೋ ಸೆಕೆಂಡುಗಳ ಲೆಕ್ಕ. ಅಚ್ಚು ತಣ್ಣಗಿದ್ದರೆ ಸರಪಳಿಗಳು ಸಾಲುಗೂಡುವ ಮುಂಚೆಯೇ ಮಾಲು ಗಟ್ಟಿಯಾಗಿಬಿಡುತ್ತದೆ. ಹಾಗೆ ಬಂದ ಲೋಟ ಗಾಜಿನ ಹಾಗೆ ತಿಳಿಯಾಗಿ, ನೋಡಲು ಚೆಂದವಾಗಿರುತ್ತದೆ. ಬಿಸಿ ಚಹಾ ಸುರಿದರೆ ಸೊಟ್ಟಗಾಗುತ್ತದೆ. ಗಡಹಿಂಗ್ಲಜದ ಏಪ್ರಿಲ್ ಬಿಸಿಲಲ್ಲಿ ತಾಡಪಾಲು ಮುಚ್ಚಿ ನಿಲ್ಲಿಸಿದ ಲಾರಿಯೊಳಗೆ ಇಂಥ ಲೋಟಗಳ ಪೆಟ್ಟಿಗೆ ಇಡಲು ನಾನಂತೂ ಧೈರ್ಯ ಮಾಡುವುದಿಲ್ಲ.

ಪರಿಹಾರ ಇಲ್ಲದಿಲ್ಲ. ಟಾಲ್ಕ್ ಪುಡಿಯಂಥದ್ದನ್ನು ಬೆರೆಸಿದರೆ ಹರಳಿಗೆ ಬೀಜ ಸಿಗುತ್ತದೆ. ಅಚ್ಚನ್ನು 100 ಡಿಗ್ರಿಯ ಸುತ್ತ ಬಿಸಿಯಾಗಿಟ್ಟರೆ ಲೋಟ 100ರ ಬಿಸಿಯನ್ನೂ ತಾಳಬಲ್ಲದು. ಆದರೆ ಅಚ್ಚಿನಲ್ಲಿ ಹೆಚ್ಚು ಹೊತ್ತು ಇರಿಸಬೇಕು, ಹಾಗಾಗಿ ಗಂಟೆಗೆ ಇಳಿಯುವ ಲೋಟಗಳ ಸಂಖ್ಯೆ ಕಡಿಮೆ. ಅಗ್ಗದ ಮಾಲಿನಲ್ಲಿ ಮೊದಲು ಕತ್ತರಿ ಬೀಳುವುದು ಈ ಹೊತ್ತಿಗೇ.

ಇನ್ನು ಪ್ರಯೋಗಾಲಯಗಳ ಪದ್ಧತಿ. ಇಲ್ಲಿಯೂ ನನಗೆ ಪೂರ್ತಿ ಸಮಾಧಾನವಿಲ್ಲ. ಸಂಶೋಧಕರು ಚೂರು ಮಾದರಿಯನ್ನು ಕರಗಿಸಿ, ಒಂದೇ ಶಾಖದಲ್ಲಿ ನಿಲ್ಲಿಸಿ, ಹರಳು ಎಷ್ಟು ಹೊತ್ತಿಗೆ ಬಂತು ಎಂದು ಅಳೆಯುತ್ತಾರೆ. ಅಚ್ಚಿನೊಳಗೆ ಹಾಗೆ ಯಾವುದೂ ನಿಲ್ಲುವುದಿಲ್ಲ, ಎಲ್ಲವೂ ಸರ್ರನೆ ತಣಿಯುತ್ತದೆ. ಅದಕ್ಕಿಂತ ದೊಡ್ಡ ಗೊಂದಲ ಹರಳಿನ ಶೇಕಡಾವಾರು ಲೆಕ್ಕದಲ್ಲಿದೆ. ಪೂರ್ತಿ ಹರಳಾದ ಪಿಎಲ್‌ಎ ಕರಗಲು ಗ್ರಾಂಗೆ 93 ಜೂಲ್ ಬೇಕೆಂಬ 1973ರ ಅಂಕಿಯನ್ನು ಇಂದಿಗೂ ಕಣ್ಣುಮುಚ್ಚಿ ಬಳಸುವವರು ಬಹಳ. 120ರ ಮೇಲೆ ಬೆಳೆಯುವುದು ಆಲ್ಫಾ ಹರಳು. 100ರ ಕೆಳಗೆ ಬೆಳೆಯುವುದು ಕೊಂಚ ಅಸ್ತವ್ಯಸ್ತವಾದ ಆಲ್ಫಾ-ಪ್ರೈಮ್, ನಡುವೆ ಎರಡೂ ಬೆರೆತಿರುತ್ತವೆ. ಕರಗಲು ಬೇಕಾದ ಶಾಖ ಎರಡಕ್ಕೂ ಒಂದೇ ಅಲ್ಲ, ಆಲ್ಫಾ-ಪ್ರೈಮ್‌ಗೆ ಕಡಿಮೆ ಸಾಕು. ಗಡಸುತನವೂ ಗಾಳಿ-ತೇವ ತಡೆಯುವ ಶಕ್ತಿಯೂ ಆಲ್ಫಾಗೆ ಹೆಚ್ಚು. ಎರಡಕ್ಕೂ ಒಂದೇ ಭಾಜಕ ಹಾಕಿ ‘ಶೇ 40 ಹರಳು’ ಎಂದು ಬರೆದರೆ ಓದುವವನಿಗೆ ಯಾವ ಮಾಲು ಕೈಗೆ ಬಂತೆಂದು ತಿಳಿಯುವುದಾದರೂ ಹೇಗೆ?

ಇಚಲಕರಂಜಿಗೆ ಬಂದರೆ ಶಾಖದ ಪ್ರಶ್ನೆ ಇನ್ನಷ್ಟು ಮೊನಚಾಗುತ್ತದೆ. ವಿಠ್ಠಲರಾವ್ ದಾತಾರ್ 1904ರಲ್ಲಿ ಅಲ್ಲಿ ಮೊದಲ ಪವರ್‌ಲೂಮ್ ಹಾಕಿದರು, ಇಂದು ಊರೆಲ್ಲ ಮಗ್ಗದ ಸದ್ದು. ಸಾಮಾನ್ಯ ಪಾಲಿಯೆಸ್ಟರ್ ಬಟ್ಟೆಗೆ 130 ಡಿಗ್ರಿಯಲ್ಲಿ ಬಣ್ಣ ಹಾಕಿ, ಬಟ್ಟೆಯನ್ನು ಬಿಗಿಹಿಡಿದು ಕಾಯಿಸುವ ಸ್ಟೆಂಟರ್ ಯಂತ್ರದಲ್ಲಿ 180ರಿಂದ 200ರ ಶಾಖ ಕೊಟ್ಟು ಹದಗೊಳಿಸುವುದು ವಾಡಿಕೆ. ಪಿಎಲ್‌ಎ ನೂಲಿನ ಬಟ್ಟೆಯನ್ನು ಅದೇ ಸ್ಟೆಂಟರಿಗೆ ಬಿಟ್ಟರೆ ಕರಗಿ ಅಂಟಿಕೊಳ್ಳುತ್ತದೆ. ಬಣ್ಣವನ್ನೂ 110ರ ಸುಮಾರಿಗೇ ಮುಗಿಸಬೇಕು. ಹಾಗಿದ್ದೂ ಲೋಟಕ್ಕಿಂತ ನೂಲಿನ ಮೇಲೆ ನನಗೆ ನಂಬಿಕೆ ಹೆಚ್ಚು. ನೂಲು ಎಳೆಯುವಾಗಲೇ ಸರಪಳಿಗಳು ಒಂದೇ ದಿಕ್ಕಿಗೆ ತಿರುಗಿ ಬೇಗ ಹರಳುಗಟ್ಟುತ್ತವೆ, ಅಚ್ಚಿನ ಹಾಗೆ ಕಾಯುತ್ತ ಕೂರುವ ಕೆಲಸವಿಲ್ಲ. ಸ್ಟೆಂಟರಿನ ಶಾಖ ತಗ್ಗಿಸಿ, ಇಸ್ತ್ರಿಯ ಎಚ್ಚರಿಕೆಯನ್ನು ಚೀಟಿಯ ಮೇಲೆ ಸರಿಯಾಗಿ ಬರೆದರೆ ಅದು ಬಾಳುವ ಬಟ್ಟೆ.

ಪಿಎಲ್‌ಎಯ ದಾಯಾದಿ ಪಿಎಚ್‌ಬಿಯ ಕಥೆ ತಿರುಗುಮುರುಗು. 1926ರಲ್ಲಿ ಮಾರಿಸ್ ಲೆಮ್ವಾನ್ಯ ಬ್ಯಾಕ್ಟೀರಿಯಾದೊಳಗೆ ಗುರುತಿಸಿದ ಈ ಪಾಲಿಯೆಸ್ಟರ್ ಕೋಣೆಯ ಶಾಖದಲ್ಲೂ ನಿಧಾನವಾಗಿ ಹರಳುಗಟ್ಟುತ್ತಲೇ ಇರುತ್ತದೆ. ಹೊಸದಿದ್ದಾಗ ಬಾಗಿದ್ದು, ಕಪಾಟಿನಲ್ಲಿ ಇಟ್ಟಲ್ಲೇ ಪೆಡಸಾಗುತ್ತದೆ.

‘ಮಣ್ಣಿಗೆ ಸೇರುವುದು’ ಎಂಬ ಮಾತಿಗೂ ಶಾಖದ ಷರತ್ತಿದೆ. ಗೊಬ್ಬರವಾಗುವ ಪ್ಲಾಸ್ಟಿಕ್ಕಿನ ಪರೀಕ್ಷೆ ನಡೆಯುವುದು 58 ಡಿಗ್ರಿಯ ಸುತ್ತ, ದೊಡ್ಡ ಗೊಬ್ಬರ ಘಟಕದ ಬಿಸಿಯಲ್ಲಿ. ಪಂಚಗಂಗೆಯ ದಂಡೆಯ ಮಣ್ಣಿಗೆ ಆ ಬಿಸಿ ಎಲ್ಲಿಂದ ಬರಬೇಕು? ಅಲ್ಲದೆ ಮೊದಲು ಕೊಳೆಯುವುದು ಹರಳುಗಟ್ಟದ ಭಾಗ. ಹರಳು ಬಹುಕಾಲ ಉಳಿಯುತ್ತದೆ. ಚಹಾ ತಾಳಲೆಂದು ಹರಳುಗಟ್ಟಿಸಿದ ಲೋಟ ಕೊಳೆಯಲು ತಡಮಾಡುತ್ತದೆ. ಎರಡು ಗುಣಗಳನ್ನೂ ಪೂರ್ತಿಯಾಗಿ ಒಂದೇ ಲೋಟದಲ್ಲಿ ಮಾರುವವರ ಮಾತನ್ನು ನಾನು ಒಪ್ಪಲಾರೆ.

ಹಾಗಾಗಿ ಮಾಲಿನ ಮೇಲಿನ ಹಸಿರು ಎಲೆಯ ಚಿತ್ರಕ್ಕಿಂತ ನನಗೆ ಬೇಕಾದದ್ದು ಎರಡು ಅಂಕಿ: ಅಚ್ಚಿನ ಶಾಖ ಎಷ್ಟು, ಸರಪಳಿಯಲ್ಲಿ ಸಾಲು ಕೆಡಿಸುವ ಡಿ-ಲ್ಯಾಕ್ಟಿಕ್ (ಲ್ಯಾಕ್ಟಿಕ್ ಆಮ್ಲದ ಕನ್ನಡಿಬಿಂಬ ರೂಪ) ಅಂಶ ಎಷ್ಟು. ಆ ಅಂಶ ಶೇ 12ರಷ್ಟಿದ್ದರೆ ಅಚ್ಚನ್ನು ಎಷ್ಟು ಹೊತ್ತು ಬಿಸಿ ಮಾಡಿದರೂ ಅದು ಹರಳುಗಟ್ಟುವ ಮಾಲೇ ಅಲ್ಲ.