ಚುಕ್ಕಿಯ ಹಿಂದಿನ ಹಾಳೆ

ಬಿ.ಎಸ್ಸಿ.ಯಲ್ಲಿ ಸಸ್ಯಶಾಸ್ತ್ರ ಓದಿದವರಿಗೆ ಹರ್ಬೇರಿಯಂ ಹಾಳೆ ಗೊತ್ತು. ಗಿಡವನ್ನು ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸಿ, ದಪ್ಪ ಕಾಗದಕ್ಕೆ ಅಂಟಿಸಿ, ಮೂಲೆಯಲ್ಲೊಂದು ಚೀಟಿ: ಹೆಸರು, ಊರು, ದಿನಾಂಕ, ಕಿತ್ತವರು ಯಾರು. ಅಂಕ ಬಂದ ಮೇಲೆ ಮರೆತುಹೋಗುವ ಈ ಕೆಲಸವನ್ನು ಸ್ವೀಡನ್ನಿನ ಎರಿಕ್ ಹುಲ್ಟೇನ್ ಬದುಕಿನುದ್ದಕ್ಕೂ ಬಿಡಲಿಲ್ಲ. 1920ರಲ್ಲಿ ಕಮ್ಚಾಟ್ಕಕ್ಕೆ ಹೋದವರು, ಆಮೇಲೆ ಅಲ್ಯೂಷಿಯನ್ ದ್ವೀಪಗಳು, ಅಲಾಸ್ಕಾ ಎನ್ನುತ್ತ ಉತ್ತರದ ಹೂಗಿಡಗಳ ಬೆನ್ನು ಹತ್ತಿದರು. ಆ ದುಡಿಮೆಯ ದೊಡ್ಡ ಫಲ, 1968ರ ‘ಫ್ಲೋರಾ ಆಫ್ ಅಲಾಸ್ಕಾ ಅಂಡ್ ನೇಬರಿಂಗ್ ಟೆರಿಟರೀಸ್’.

ಸಾವಿರ ಪುಟದ ಈ ಹೊತ್ತಗೆಯಲ್ಲಿ ನನಗೆ ಮೊದಲು ಮೆಚ್ಚುಗೆಯಾಗುವುದು ನಾರ್ವೆಯ ಡಾಗ್ನಿ ತಾಂಡೆ ಲೀಡ್ ಬರೆದ ರೇಖಾಚಿತ್ರಗಳು. ಬಣ್ಣವಿಲ್ಲ, ಬೆಡಗಿಲ್ಲ, ಗಿಡದ ನಿಲುವು, ಎಲೆಯ ಅಂಚು ಕಣ್ಣಿಗೆ ಕಟ್ಟುತ್ತವೆ. ಚಿತ್ರದ ಜೊತೆಗೇ ನಕ್ಷೆಗಳು: ಒಂದು ಅಲಾಸ್ಕಾದ್ದು, ಇನ್ನೊಂದು ಉತ್ತರ ಧ್ರುವವನ್ನು ನಡುವಿಗಿಟ್ಟದ್ದು. ಅಲಾಸ್ಕಾದ ನಕ್ಷೆಯಲ್ಲಿ ಚುಕ್ಕಿ ಕಂಡಲ್ಲಿ ಯಾರೋ ಮಂಡಿಯೂರಿ ಗಿಡ ಕಿತ್ತಿದ್ದಾರೆ.

ಇಂಥ ನಕ್ಷೆಗಳನ್ನು ಓದುವ ಬಗೆಯೇ ಹುಲ್ಟೇನರ ನಿಜವಾದ ಕೊಡುಗೆ. 1937ರ ತಮ್ಮ ಪ್ರಬಂಧದಲ್ಲಿ ಅವರು ಒಂದೊಂದು ಗಿಡದ ಹರವಿಗೆ ಗೆರೆ ಎಳೆದು, ಅವನ್ನು ಒಂದರ ಮೇಲೊಂದು ಇಟ್ಟು ನೋಡಿದರು. ಕೆರೆಗೆ ಕಲ್ಲು ಬಿದ್ದಾಗ ಏಳುವ ಬಳೆಯಲೆಗಳ ಹಾಗೆ ಎಷ್ಟೋ ಗಿಡಗಳ ಎಲ್ಲೆಗಳು ಬೇರಿಂಗ್ ಜಲಸಂಧಿಯ ಸುತ್ತ ಹರಡಿದ್ದವು. ಹಿಮಯುಗದಲ್ಲಿ ಸಮುದ್ರ ನೂರು ಮೀಟರಿಗೂ ಹೆಚ್ಚು ಇಳಿದು, ಸೈಬೀರಿಯ, ಅಲಾಸ್ಕಾಗಳ ನಡುವೆ ನೆಲ ಮೇಲೆದ್ದಿತ್ತು. ಹಿಮದ ಹಾಳೆ ಮುಚ್ಚದ ಆ ನೆಲದಲ್ಲಿ ಉಳಿದುಕೊಂಡ ಗಿಡಗಳು ಆಮೇಲೆ ಸುತ್ತಲೂ ಹಬ್ಬಿದವು ಎಂದರು. ‘ಬೆರಿಂಜಿಯ’ ಎಂಬ ಹೆಸರು ಅವರದೇ. 2000ದಲ್ಲಿ ರಿಚರ್ಡ್ ಆಬಟ್ ಮತ್ತು ಸಂಗಡಿಗರು ನೇರಳೆ ಹೂವಿನ ಸ್ಯಾಕ್ಸಿಫ್ರಾಗಾ ಒಪಾಸಿಟಿಫೋಲಿಯದ ಡಿಎನ್‌ಎ ಪರೀಕ್ಷಿಸಿದಾಗ ಸಿಕ್ಕ ಸುಳಿವೂ ಅತ್ತಲೇ ಬೆರಳು ತೋರಿತು. ಒಣಗಿದ ಎಲೆಗಳನ್ನಷ್ಟೇ ನಂಬಿ ಇಷ್ಟು ದೂರ ಕಂಡ ಕಣ್ಣಿಗೆ ನಾನು ತಲೆಬಾಗುತ್ತೇನೆ.

ಆದರೆ ಅದೇ ಚುಕ್ಕಿಗಳ ಬಗ್ಗೆ ನನ್ನ ತಕರಾರೂ ಇದೆ. ಅವು ಕರಾವಳಿ, ನದಿ, ರಸ್ತೆಗಳ ಗುಂಟ ಸಾಲುಗಟ್ಟುತ್ತವೆ. 1741ರಲ್ಲಿ ಬೇರಿಂಗರ ಹಡಗಿನಲ್ಲಿ ಬಂದ ನಿಸರ್ಗಶಾಸ್ತ್ರಜ್ಞ ಸ್ಟೆಲ್ಲರ್‌ಗೆ ಅಲಾಸ್ಕಾದ ಕಯಾಕ್ ದ್ವೀಪದಲ್ಲಿ ಗಿಡ ಆಯಲು ಸಿಕ್ಕಿದ್ದು ಸುಮಾರು ಹತ್ತು ಗಂಟೆ ಮಾತ್ರ. ಹಡಗು ನಿಂತಲ್ಲಿ, ದೋಣಿ ಹೋದಲ್ಲಿ ಸಂಗ್ರಹ. ನಕ್ಷೆಯ ಬಿಳಿ ಜಾಗದಲ್ಲಿ ಗಿಡವಿಲ್ಲವೋ, ಯಾರೂ ಹೋಗಿಲ್ಲವೋ? ಪುಟ ನೋಡಿ ಹೇಳಲಾಗದು. ಕಾಲವೂ ಅಳಿಸಿಹೋಗಿದೆ: ನೂರು ವರ್ಷದ ಹಿಂದೆ ಕಿತ್ತ ಗಿಡಕ್ಕೂ ಮೊನ್ನೆ ಕಿತ್ತದ್ದಕ್ಕೂ ಒಂದೇ ಚುಕ್ಕಿ. ಉತ್ತರ ಬಿಸಿಯೇರುತ್ತಿರುವ ಈ ದಿನಗಳಲ್ಲಿ ನಮಗೆ ಅತ್ಯಗತ್ಯವಾದದ್ದು ಆ ದಿನಾಂಕವೇ. ಹೂ ಬಿಡುವ ಕಾಲ ಮೊದಲಿಗಿಂತ ಬೇಗ ಬರುತ್ತಿದೆಯೇ ಎಂದು ತಿಳಿಯಲು ಬೇರೆ ಸಾಕ್ಷಿ ಕಡಿಮೆ.

ಇನ್ನೊಂದು ಮಾತು. ಗಿಡಗಳು ಸಮುದ್ರ ದಾಟುವುದು ಅಪರೂಪ, ಹಬ್ಬುವುದು ನೆಲದ ಮೇಲೆ ಮೆಲ್ಲಮೆಲ್ಲನೆ ಎಂಬ ನಂಬಿಕೆ ಹುಲ್ಟೇನರ ವಾದದ ಅಡಿಪಾಯ. ಇಂಗರ್ ಗ್ರೇವ್ ಆಲ್ಸೋಸ್ ಮತ್ತು ಜೊತೆಗಾರರು 2007ರಲ್ಲಿ ಸ್ವಾಲ್‌ಬಾರ್ಡ್ ದ್ವೀಪಗಳ ಗಿಡಗಳ ಡಿಎನ್‌ಎಯಿಂದ ತೋರಿಸಿದ್ದು ಬೇರೆಯೇ: ಒಂಬತ್ತು ಜಾತಿಗಳು ದೂರದ ಹಲವು ದಿಕ್ಕುಗಳಿಂದ ಮತ್ತೆ ಮತ್ತೆ ಅಲ್ಲಿಗೆ ಬಂದು ನೆಲೆಸಿದ್ದವು. ಹರವಿನ ನಕ್ಷೆ ಗಿಡ ಎಲ್ಲಿದೆಯೆಂದು ಹೇಳೀತು, ಯಾವ ದಾರಿಯಲ್ಲಿ ಬಂತೆಂದು ಹೇಳದು. ಹುಲ್ಟೇನ್ ಎರಡನ್ನೂ ಅದರಿಂದಲೇ ಹೊರಡಿಸಲು ನೋಡಿದರು.

ಫೇರ್‌ಬ್ಯಾಂಕ್ಸ್‌ನಲ್ಲಿರುವ ಅಲಾಸ್ಕಾ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯ ಈಗ ತನ್ನ ಹರ್ಬೇರಿಯಂ ಹಾಳೆಗಳ ವಿವರವನ್ನು ಗಣಕದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಚುಕ್ಕಿಯನ್ನು ಒತ್ತಿದರೆ ಚೀಟಿ ಮಾತಾಡುತ್ತದೆ: ಯಾವ ಹೊಳೆಯ ದಂಡೆ, ಯಾವ ವರ್ಷದ ಜುಲೈ, ಯಾರ ಕೈ. ಲೀಡ್ ಅವರ ಚಿತ್ರವನ್ನು ಪಕ್ಕಕ್ಕಿಟ್ಟುಕೊಂಡು ನಾನು ಅದನ್ನು ಓದುತ್ತೇನೆ.