ದುಡಿಮೆಯೂ ವ್ಯಾಯಾಮವೂ: ರಕ್ತದೊತ್ತಡದ ಸಂಶೋಧನೆಗಳ ಒಂದು ವಿಮರ್ಶೆ

ಬಿರುನಡಿಗೆ, ಓಟ, ಸೈಕಲ್ ಸವಾರಿ, ಈಜು ಮೊದಲಾದ ಏರೋಬಿಕ್ ವ್ಯಾಯಾಮಗಳನ್ನು ನಿಯತವಾಗಿ ಮಾಡುವುದರಿಂದ ಅಧಿಕ ರಕ್ತದೊತ್ತಡ ಇಳಿಯುತ್ತದೆಂಬುದು ಈಗ ನಿರ್ವಿವಾದವಾದ ಸಂಗತಿ. ಆದರೆ ಈ ತೀರ್ಮಾನವನ್ನು ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಂತಹ ಊರಿಗೆ ಅನ್ವಯಿಸುವಾಗ ಎರಡು ಅಪಾರ್ಥಗಳಿಗೆ ಅವಕಾಶವುಂಟು. ಹೊಲದಲ್ಲಿ ದುಡಿಯುವವನಿಗೆ ಬೇರೆ ವ್ಯಾಯಾಮ ಬೇಡವೆಂಬುದು ಒಂದು. ವ್ಯಾಯಾಮ ಮಾಡುವವನಿಗೆ ಮಾತ್ರೆ ಬೇಡವೆಂಬುದು ಇನ್ನೊಂದು. ಇವೆರಡನ್ನೂ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಆಧಾರವನ್ನು ನೋಡೋಣ. 2013ರಲ್ಲಿ ಕಾರ್ನೆಲಿಸೆನ್ ಮತ್ತು ಸ್ಮಾರ್ಟ್ ಎಂಬ ಸಂಶೋಧಕರು ವ್ಯಾಯಾಮವನ್ನು ಕುರಿತ 93 ಪ್ರಯೋಗಗಳ ಫಲಗಳನ್ನು ಒಟ್ಟುಗೂಡಿಸಿ ಪ್ರಕಟಿಸಿದರು. ಅಧಿಕ ರಕ್ತದೊತ್ತಡವುಳ್ಳವರಲ್ಲಿ ಏರೋಬಿಕ್ ವ್ಯಾಯಾಮದಿಂದ ಸಂಕೋಚನದ ಒತ್ತಡವು ಸರಾಸರಿ 8.3 ಮಿಲಿಮೀಟರ್ ಪಾದರಸದಷ್ಟೂ ವ್ಯಾಕೋಚನದ ಒತ್ತಡವು 5.2ರಷ್ಟೂ ಇಳಿದುದು ಅದರಲ್ಲಿ ಕಂಡುಬಂದಿತು. ನಾಳಗಳನ್ನು ಬಿಗಿಯುವ ನರಗಳ ಪ್ರಚೋದನೆ ತಗ್ಗಿ, ಕಿರುಧಮನಿಗಳು ಹಿಗ್ಗಿ, ರಕ್ತದ ಹರಿವಿಗೆ ಎದುರಾಗುವ ತಡೆ ಕಡಿಮೆಯಾಗುವುದೇ ಇದಕ್ಕೆ ಮುಖ್ಯ ಕಾರಣ. ಆದರೆ ಇಂತಹ ಪ್ರಯೋಗಗಳಲ್ಲಿ ವ್ಯಾಯಾಮದ ಅವಧಿ, ತೀವ್ರತೆ, ವಿರಾಮ ಇವೆಲ್ಲ ಮೊದಲೇ ಗೊತ್ತುಪಡಿಸಿದವು ಎಂಬುದನ್ನು ಮರೆಯಲಾಗದು.

ಕಟ್ಟೆಮಳಲವಾಡಿಯಲ್ಲಿ ತಂಬಾಕು ಮಂಡಳಿಯ ಹರಾಜು ಮಾರುಕಟ್ಟೆಯಿದೆ. ಸುತ್ತಣ ಅನೇಕ ರೈತರ ಬದುಕು ಹೊಗೆಸೊಪ್ಪನ್ನು ಅವಲಂಬಿಸಿದೆ. ಈ ಬೆಳೆಗಾರನು ಬೆನ್ನು ಬಾಗಿಸಿ ಎಲೆ ಮುರಿಯುತ್ತಾನೆ, ಹೊರೆ ಹೊರುತ್ತಾನೆ, ಬ್ಯಾರನ್ನಿನ ಬೆಂಕಿ ಆರದಂತೆ ರಾತ್ರಿಯೂ ಎಚ್ಚರವಾಗಿರುತ್ತಾನೆ. ಅವನ ದೇಹಕ್ಕೆ ಶ್ರಮವುಂಟು, ವಿರಾಮವಿಲ್ಲ. ವಿರಾಮಕಾಲದ ವ್ಯಾಯಾಮದಿಂದ ದೊರೆಯುವ ಲಾಭವು ಕಸುಬಿನ ಶ್ರಮದಿಂದ ಏಕೆ ದೊರೆಯದೆಂಬುದನ್ನು ಹೋಲ್ಟರ್‌ಮನ್ ಮತ್ತು ಸಂಗಡಿಗರು 2018ರಲ್ಲಿ ಚರ್ಚಿಸಿದರು. ಭಾರವನ್ನೆತ್ತುವುದು, ಒಂದೇ ಭಂಗಿಯಲ್ಲಿ ಬಹಳ ಹೊತ್ತು ಇರುವುದು, ದಣಿವಾರುವ ಮೊದಲೇ ಮತ್ತೆ ದುಡಿಯುವುದು ಇವು ದಿನವಿಡೀ ಒತ್ತಡವನ್ನು ಏರಿಸಿಡುತ್ತವೆಂಬುದು ಅವರು ಸೂಚಿಸಿದ ಕಾರಣಗಳಲ್ಲಿ ಸೇರಿದೆ. ಈ ವಾದದ ಆಧಾರಗಳು ಬಹುಮಟ್ಟಿಗೆ ಪಾಶ್ಚಾತ್ಯ ದೇಶಗಳ ಕೂಲಿಕಾರರಿಗೆ ಸಂಬಂಧಿಸಿದವು. ಹೊಲದ ದುಡಿಮೆಯಲ್ಲಿ ನಡಿಗೆಯೂ ಬೆರೆತಿರುತ್ತದೆ. ಆದಕಾರಣ ಅದನ್ನು ನಮ್ಮ ರೈತನಿಗೆ ಇದ್ದಂತೆಯೇ ಅನ್ವಯಿಸುವುದು ಸರಿಯಲ್ಲ. ಆದರೆ ದುಡಿಮೆಯೇ ಸಾಕೆಂದು ಹೇಳುವುದಕ್ಕೂ ಆಧಾರ ಸಾಲದು. ಸೊಪ್ಪು ಬೇಯಿಸುವ ತಿಂಗಳುಗಳಲ್ಲಿಯೂ ಬಿಡುವಿನ ತಿಂಗಳುಗಳಲ್ಲಿಯೂ ಒತ್ತಡವನ್ನು ಅಳೆದು ಹೋಲಿಸುವುದೇ ಯೋಗ್ಯವಾದ ಮಾರ್ಗವೆಂದು ನಾವು ಭಾವಿಸುತ್ತೇವೆ.

ಎರಡನೆಯ ಅಪಾರ್ಥವು ಹೆಚ್ಚು ಅಪಾಯಕರ. 2019ರಲ್ಲಿ ನಾಸಿ ಮತ್ತು ಸಂಗಡಿಗರು 391 ಪ್ರಯೋಗಗಳನ್ನು ವಿಶ್ಲೇಷಿಸಿ, ಅಧಿಕ ಒತ್ತಡವುಳ್ಳವರಲ್ಲಿ ವ್ಯಾಯಾಮವೂ ಔಷಧವೂ ಹೆಚ್ಚುಕಡಿಮೆ ಸಮಾನವಾಗಿ ಕೆಲಸಮಾಡುವಂತೆ ತೋರುತ್ತದೆಂದರು. ಆದರೆ ಎರಡನ್ನೂ ಎದುರುಬದುರಾಗಿ ಹೋಲಿಸಿದ ಪ್ರಯೋಗ ಅವುಗಳಲ್ಲಿ ಒಂದೂ ಇರಲಿಲ್ಲ, ಹೋಲಿಕೆ ಪರೋಕ್ಷವಾದುದು. ಔಷಧವನ್ನು ಬಿಡಬೇಕೆಂದು ಆ ಸಂಶೋಧಕರೂ ಹೇಳಲಿಲ್ಲ. ಸಾಮಾನ್ಯ ಲೆಕ್ಕವೂ ಇದನ್ನೇ ಸಮರ್ಥಿಸುತ್ತದೆ: 160 ಇದ್ದ ಒತ್ತಡದಲ್ಲಿ 8 ಇಳಿದರೆ ಉಳಿಯುವುದು 152, ರೋಗನಿರ್ಣಯದ ಮಿತಿ 140. ಏರಿದ ಒತ್ತಡವು ನೋವು ಕೊಡದೆ ಹೃದಯ, ಮೆದುಳು, ಮೂತ್ರಪಿಂಡಗಳನ್ನು ಕೆಡಿಸುವುದರಿಂದ, ಮಾತ್ರೆ ಬಿಟ್ಟವನಿಗೆ ತಪ್ಪು ತಿಳಿಯುವಷ್ಟರಲ್ಲಿ ಕಾಲ ಮೀರಿರುತ್ತದೆ.

ವಾರಕ್ಕೆ ಕನಿಷ್ಠ 150 ನಿಮಿಷಗಳ ಮಧ್ಯಮ ತೀವ್ರತೆಯ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಸೂಚಿಸಿತು. ಅದನ್ನು ರೈತನಿಗೆ ತಿಳಿಸುವವರು ಅವನಿಗೆ ಬಿಡುವು ಎಲ್ಲಿಂದ ಬರಬೇಕೆಂಬುದನ್ನೂ ಯೋಚಿಸಬೇಕು. ಊರಿನಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಗಳು ಮನೆಯ ಹಿರಿಯರಿಗೆ ಹೇಳಬೇಕಾದುದು ಇಷ್ಟೆ: ಬಿಡುವಿನಲ್ಲಿ ನಡೆಯಿರಿ, ಒತ್ತಡವನ್ನು ಅಳೆಯಿಸಿಕೊಳ್ಳಿ, ವೈದ್ಯರನ್ನು ಕೇಳದೆ ಮಾತ್ರೆ ನಿಲ್ಲಿಸಬೇಡಿ.